ಆಲಮಟ್ಟಿ, ಹಿಡಕಲ್, ನವಿಲುತೀರ್ಥ: ದೊಡ್ಡ ಅಣೆಕಟ್ಟುಗಳ ತೊಂದರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಜುಲೈ ಬಂತೆಂದರೆ ಚಹಾದಂಗಡಿಯಲ್ಲೂ ಒಳಹರಿವು ಎಷ್ಟು, ಹೊರಹರಿವು ಎಷ್ಟು ಅನ್ನುವ ಲೆಕ್ಕ ಶುರುವಾಗುತ್ತದೆ. ಆದರೆ ವಾದ ಮಾತ್ರ ಯಾವಾಗಲೂ ಕೃಷ್ಣೆಗೆ ಕಟ್ಟಿದ ಆಲಮಟ್ಟಿಯ ಎತ್ತರದ ಸುತ್ತಲೇ ತಿರುಗುತ್ತದೆ. 519 ಮೀಟರ್ ಸಾಕಾ, 524 ಬೇಕಾ? ಗೇಟು, ಹೂಳು, ಬಸಿಗಾಲುವೆ, ನದಿ ಪಾತ್ರ ಇವುಗಳ ಬಗ್ಗೆ ಮಾತಾಡುವವರು ಕಡಿಮೆ. ಜನರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲಿಂದಲೇ ಅನ್ನುವುದು ನನ್ನ ಅಭಿಪ್ರಾಯ. ಕೆಳಗಿನ ಉತ್ತರಗಳನ್ನು ಆ ಕಣ್ಣಿನಿಂದಲೇ ಬರೆದಿದ್ದೇನೆ.

ದೊಡ್ಡ ಅಣೆಕಟ್ಟು ಅಂದರೆ ಎಷ್ಟು ದೊಡ್ಡದು?

ಅಡಿಪಾಯದ ತಳದಿಂದ 15 ಮೀಟರ್‌ಗಿಂತ ಎತ್ತರ ಇದ್ದರೆ ಅದು ದೊಡ್ಡ ಅಣೆಕಟ್ಟು. ಉದ್ದ ಎಷ್ಟಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟು ಸುಮಾರು 10 ಕಿಲೋಮೀಟರ್ ಉದ್ದ ಇದೆ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಬರೀ 154 ಮೀಟರ್ ಉದ್ದ. ಎರಡೂ ದೊಡ್ಡ ಅಣೆಕಟ್ಟುಗಳೇ. ಹಿಡಕಲ್‌ನಲ್ಲಿ ಸುಮಾರು 51 ಟಿಎಂಸಿ (ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ), ನವಿಲುತೀರ್ಥದಲ್ಲಿ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಆಲಮಟ್ಟಿಯಲ್ಲಿ 123 ಟಿಎಂಸಿ.

ಆಲಮಟ್ಟಿಯ ಎತ್ತರ 519.60 ಮೀಟರಾ?

ಅಲ್ಲ. ಅದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ನೀರಿನ ಮಟ್ಟ. ಗೋಡೆಯ ಎತ್ತರ ಸುಮಾರು 52 ಮೀಟರ್ ಅಷ್ಟೇ. ಭಾಷಣಗಳಲ್ಲಿ "ಅಣೆಕಟ್ಟಿನ ಎತ್ತರ 524 ಮೀಟರ್" ಅಂತ ಕೇಳಿ ಕೇಳಿ ಹೊರಗಿನವರಿಗೆ ಗೊಂದಲ ಆಗುವುದು ಸಹಜ.

519.60ರಿಂದ 524.256 ಮೀಟರ್‌ಗೆ ಏರಿಸಿದರೆ ಬರೀ 15 ಅಡಿ. ಅಷ್ಟಕ್ಕೆ ಇಷ್ಟೊಂದು ಜಮೀನು ಯಾಕೆ ಮುಳುಗುತ್ತದೆ?

ನಮ್ಮ ನೆಲ ಚಪ್ಪಟೆ ಇರುವುದರಿಂದ. ಮಲೆನಾಡಿನ ಕಣಿವೆಯಲ್ಲಿ 15 ಅಡಿ ನೀರು ಏರಿದರೆ ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಮಾರು ಮೇಲೆ ಹೋಗಿ ನಿಲ್ಲುತ್ತದೆ. ಬೀಳಗಿ, ಬಾಗಲಕೋಟೆ, ಜಮಖಂಡಿ, ಕೊಲ್ಹಾರ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಅದೇ 15 ಅಡಿ ಹೊಲದಿಂದ ಹೊಲಕ್ಕೆ ಹರಡುತ್ತಾ ಹೋಗುತ್ತದೆ. ಹೊಸ ಮಟ್ಟಕ್ಕೆ ಸುಮಾರು 75 ಸಾವಿರ ಎಕರೆ ಹೆಚ್ಚುವರಿಯಾಗಿ ಮುಳುಗುತ್ತದೆ ಅನ್ನುವುದು ಸರ್ಕಾರದ್ದೇ ಲೆಕ್ಕ. ಅದಕ್ಕೆ ಪ್ರತಿಯಾಗಿ ಸುಮಾರು 100 ಟಿಎಂಸಿ ಹೆಚ್ಚು ನೀರು ನಿಲ್ಲುತ್ತದೆ. ಅಂದರೆ ಕೊನೆಯ 15 ಅಡಿಯಲ್ಲಿ ಹಿಡಿಯುವ ನೀರು ಈಗ ಇಡೀ ಜಲಾಶಯದಲ್ಲಿ ಇರುವುದಕ್ಕೆ ಸ್ವಲ್ಪವೇ ಕಡಿಮೆ. ಎಂಜಿನಿಯರ್‌ಗೆ ಇದು ಒಳ್ಳೆಯ ಲೆಕ್ಕ. ನದಿ ದಂಡೆಯಲ್ಲಿ ಕಬ್ಬು ಬೆಳೆಯುವವನಿಗೆ ಅಲ್ಲ.

ಇನ್ನೊಂದು ಮಾತು. ಹರಡಿಕೊಂಡ ತೆಳು ನೀರು ಜಾಸ್ತಿ ಆವಿಯಾಗುತ್ತದೆ. ವಿಜಯಪುರದ ಬಿಸಿಲು ಗೊತ್ತಲ್ಲ. ಒಂದು ಚದರ ಕಿಲೋಮೀಟರ್ ಹಿನ್ನೀರಿನಿಂದ ವರ್ಷಕ್ಕೆ ಒಂದೂವರೆ ಮೀಟರ್ ನೀರು ಆವಿಯಾದರೆ ಅದು 150 ಕೋಟಿ ಲೀಟರ್ ಆಯಿತು.

ಇಷ್ಟು ವರ್ಷ ಆದರೂ ಈ ಎತ್ತರದ ವಿಷಯ ಯಾಕೆ ಮುಗಿದಿಲ್ಲ?

1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಲೋಕಾರ್ಪಣೆ ಮಾಡಿದರು. ನಡುವೆ 42 ವರ್ಷ. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್‌ಗೆ ಒಪ್ಪಿತು. 2010ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256ಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಆ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ 2011ರಲ್ಲಿ ತಡೆ ಬಂತು. ಅಲ್ಲಿಂದ ನದಿ ದಂಡೆಯ ರೈತರಿಗೆ ಅತಂತ್ರ ಸ್ಥಿತಿ. ಮುಳುಗುತ್ತದೋ ಇಲ್ಲವೋ ಗೊತ್ತಿಲ್ಲದ ಹೊಲಕ್ಕೆ ಯಾರು ಬಾವಿ ತೋಡುತ್ತಾರೆ, ಯಾವ ಬ್ಯಾಂಕು ಸಾಲ ಕೊಡುತ್ತದೆ? ಈ ಕಾಯುವಿಕೆಯ ನಷ್ಟ ಯಾವ ಪರಿಹಾರದ ಪಟ್ಟಿಯಲ್ಲೂ ಸೇರುವುದಿಲ್ಲ.

ಟಿಎಂಸಿ, ಕ್ಯೂಸೆಕ್ ಲೆಕ್ಕ ಸರಳವಾಗಿ ಹೇಳ್ತೀರಾ?

ಟಿಎಂಸಿ ಅಂದರೆ 100 ಕೋಟಿ ಘನ ಅಡಿ ನೀರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ, ಪ್ರವಾಹದ ಸುದ್ದಿ ಓದುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಅಣೆಕಟ್ಟು ಇದ್ದ ಮೇಲೆ ಪ್ರವಾಹ ಕಡಿಮೆ ಆಗಬೇಕಲ್ವಾ? 2019ರಲ್ಲಿ ಯಾಕೆ ಹಾಗಾಯಿತು?

ಸಣ್ಣ, ಮಧ್ಯಮ ಪ್ರವಾಹವನ್ನು ಅಣೆಕಟ್ಟು ತಡೆಯುತ್ತದೆ. ದೊಡ್ಡ ಪ್ರವಾಹವನ್ನು ತಡೆಯಬೇಕಾದರೆ ಅದರೊಳಗೆ ಖಾಲಿ ಜಾಗ ಇರಬೇಕು. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟರು. ಮೇಲಿನ ಲೆಕ್ಕ ಹಾಕಿ: 5 ಲಕ್ಷ ಅಂದರೆ ದಿನಕ್ಕೆ 43 ಟಿಎಂಸಿ. ಅಣೆಕಟ್ಟು ಪೂರ್ತಿ ಖಾಲಿ ಇದ್ದಿದ್ದರೂ ಮೂರು ದಿನದೊಳಗೆ ತುಂಬಿ ಹೋಗುತ್ತಿತ್ತು. ಖಾಲಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಕಗ್ಗಂಟು ಇರುವುದು ಇಲ್ಲೇ. ನೀರಾವರಿಗೆ ಅಣೆಕಟ್ಟು ಆದಷ್ಟು ಬೇಗ ತುಂಬಬೇಕು. ಯಾಕೆಂದರೆ ಮಳೆ ಯಾವಾಗ ಕೈ ಕೊಡುತ್ತದೋ ಹೇಳಲಾಗದು. ಪ್ರವಾಹ ತಡೆಯಲು ಆಗಸ್ಟ್ ಮುಗಿಯುವವರೆಗೆ ಅದರಲ್ಲಿ ಜಾಗ ಬಿಟ್ಟಿರಬೇಕು. ಎರಡನ್ನೂ ಒಂದೇ ಗೋಡೆಯಿಂದ ಕೇಳುತ್ತೇವೆ. ಯಾವ ತಾರೀಖಿಗೆ ಎಷ್ಟು ಮಟ್ಟ ಇರಬೇಕು ಎಂಬ ಪಟ್ಟಿ ಪ್ರತಿ ಜಲಾಶಯಕ್ಕೂ ಇರುತ್ತದೆ. ಅದನ್ನು ಎಷ್ಟು ಪಾಲಿಸುತ್ತಾರೆ ಅನ್ನುವುದರ ಮೇಲೆ ಕೆಳಗಿನ ಹಳ್ಳಿಗಳ ಹಣೆಬರಹ ನಿಂತಿದೆ. ಗೋಕಾಕದ ಲೋಳಸೂರ ಸೇತುವೆ ಮುಳುಗುವುದು, ಮುಧೋಳ ಕಡೆ ಹಳ್ಳಿಗಳು ನಡುಗಡ್ಡೆ ಆಗುವುದು, ಇವೆಲ್ಲ ಮಳೆಯ ಜೊತೆಗೆ ಹಿಡಕಲ್ ಗೇಟು ಯಾವಾಗ, ಎಷ್ಟು ತೆರೆದರು ಎಂಬುದರ ಮೇಲೂ ಇದೆ. ಮೊದಲೇ ಸ್ವಲ್ಪ ಸ್ವಲ್ಪ ಬಿಟ್ಟರೆ ಒಂದು ಪರಿಣಾಮ, ತುಂಬಿದ ಮೇಲೆ ಒಮ್ಮೆಲೇ ಬಿಟ್ಟರೆ ಇನ್ನೊಂದು.

ಸಾಂಗ್ಲಿ, ಕೊಲ್ಹಾಪುರ ಮುಳುಗುವುದು ಆಲಮಟ್ಟಿಯಿಂದಲೇ ಅಂತಾರಲ್ಲ?

2005ರಿಂದ ಈ ಆರೋಪ ಇದೆ. ಮಹಾರಾಷ್ಟ್ರ ಸರ್ಕಾರವೇ 2019ರ ಪ್ರವಾಹದ ನಂತರ ನಂದಕುಮಾರ್ ವಡ್ನೆರೆ ಅವರ ಸಮಿತಿ ನೇಮಿಸಿತ್ತು. ಆಲಮಟ್ಟಿ ಅಣೆಕಟ್ಟು, ಹಿಪ್ಪರಗಿ ಬ್ಯಾರೇಜಿನಿಂದ ಆ ಪ್ರವಾಹ ಬಂದಿಲ್ಲ ಎಂದು ಆ ಸಮಿತಿ ಹೇಳಿತು. ವಿಪರೀತ ಮಳೆ ಸುರಿದದ್ದು, ನದಿ ಬಯಲಿನಲ್ಲಿ ಕಟ್ಟಡ ಎದ್ದದ್ದು ಇವು ಅಲ್ಲಿನ ದೊಡ್ಡ ಕಾರಣಗಳು. ಆದರೂ 2025ರಲ್ಲಿ ಎತ್ತರ ಹೆಚ್ಚಿಸುವುದಕ್ಕೆ ಅಲ್ಲಿಂದ ಮತ್ತೆ ವಿರೋಧ ಬಂತು.

ನಾವು ಮಾತ್ರ ಇದನ್ನು ಕೇಳಿ ಸಮಾಧಾನ ಪಟ್ಟುಕೊಂಡು ಕೂರಬಾರದು. ಹಿನ್ನೀರಿನ ಅಂಚಿನ ನಮ್ಮದೇ ಊರುಗಳ ಸಮಸ್ಯೆ ನಿಜ. ಜಲಾಶಯ ತುಂಬಿ ನಿಂತಾಗ ಮೇಲಿನಿಂದ ಬರುವ ನದಿಯ ವೇಗ ತಗ್ಗುತ್ತದೆ. ವೇಗ ತಗ್ಗಿದಲ್ಲಿ ನೀರಿನ ಮಟ್ಟ ಏರುತ್ತದೆ, ಹೂಳು ಕೂರುತ್ತದೆ. ವರ್ಷ ವರ್ಷ ಹೂಳು ಕೂತಂತೆ ಅದೇ ನೀರು ಇನ್ನೂ ಮೇಲೆ ಬರುತ್ತದೆ.

ಮಲಪ್ರಭೆ ಸಣ್ಣ ನದಿ. ಅದು ಯಾಕೆ ಅಷ್ಟು ಅನಾಹುತ ಮಾಡಿತು?

ಈ ಪ್ರಶ್ನೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಬಂದ ಮೇಲೆ ಕೆಳಗೆ ನೀರು ಬರುವುದೇ ಅಪರೂಪವಾಯಿತು. ಜಲಾಶಯ ತುಂಬಿದ ವರ್ಷಗಳು ಕಡಿಮೆ. ನೀರು ಬರದ ನದಿಯನ್ನು ಜನ ನದಿ ಅಂತ ಎಷ್ಟು ದಿನ ನೋಡುತ್ತಾರೆ? ದಂಡೆಯವರು ಒಂದೊಂದೇ ಸಾಲು ಒಳಗೆ ಸರಿಸಿ ಬಿತ್ತಿದರು. ಮರಳು ತೆಗೆಯುವವರು ಅಲ್ಲಲ್ಲಿ ಗುಂಡಿ ತೋಡಿದರು. ಜಾಲಿ ಬೆಳೆಯಿತು. ನದಿ ಪಾತ್ರ ಕೆಲವು ಕಡೆ ಹಳ್ಳದಷ್ಟು ಕಿರಿದಾಯಿತು.

2019ರಲ್ಲಿ ಜಲಾಶಯ ತುಂಬಿತು, ಗೇಟು ತೆರೆದರು. ನೀರಿಗೆ ಹೋಗಲು ದಾರಿ ಇರಲಿಲ್ಲ. ರಾಮದುರ್ಗಕ್ಕೆ ನುಗ್ಗಿತು. ಬಾದಾಮಿ ತಾಲ್ಲೂಕಿನ ಗೋವನಕೊಪ್ಪದ ಹಳೇ ಸೇತುವೆ ಮುಳುಗಿತು. ಪಟ್ಟದಕಲ್ಲಿನ ದೇವಸ್ಥಾನಗಳ ಸುತ್ತ ನೀರು ನಿಂತಿತು. ಅಣೆಕಟ್ಟು ತಂದ ಈ ಹಾನಿ ಗೋಡೆ ಒಡೆದು ಆದದ್ದಲ್ಲ. ಐವತ್ತು ವರ್ಷ ನದಿಯನ್ನು ಒಣಗಿಸಿ, ಅಲ್ಲಿ ನದಿಯೇ ಇಲ್ಲ ಅನ್ನುವ ನಂಬಿಕೆ ಬೆಳೆಸಿದ್ದರಿಂದ ಆದದ್ದು. ಒತ್ತುವರಿ ಮಾಡಿದ ರೈತನನ್ನು ಬೈಯುವುದು ಸುಲಭ. ಆದರೆ ನದಿಯ ಗಡಿ ಅಳೆದು ಕಲ್ಲು ನೆಡುವ ಕೆಲಸ ಅವನದ್ದಾಗಿರಲಿಲ್ಲ.

ತುಂಗಭದ್ರಾ ಗೇಟು ಕೊಚ್ಚಿ ಹೋದ ಹಾಗೆ ಇಲ್ಲಿಯೂ ಆಗಬಹುದಾ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯಿತು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು. ಅಷ್ಟರಲ್ಲಿ 30 ಟಿಎಂಸಿಗೂ ಹೆಚ್ಚು ನೀರು ನದಿ ಪಾಲಾಗಿತ್ತು. ಗೋಡೆ ಗಟ್ಟಿಯಾಗಿಯೇ ಇತ್ತು. ಕೈ ಕೊಟ್ಟಿದ್ದು ಒಂದು ಕೊಂಡಿ.

ಗೇಟು ಇರುವ ಎಲ್ಲ ಅಣೆಕಟ್ಟಿಗೂ ಈ ಅಪಾಯ ಇದ್ದೇ ಇದೆ. ಆಲಮಟ್ಟಿಯಲ್ಲಿ 26 ಗೇಟುಗಳಿವೆ. ಆಲಮಟ್ಟಿ ಹೊಸದು, ನವಿಲುತೀರ್ಥ ಮತ್ತು ಹಿಡಕಲ್ 1970ರ ದಶಕದವು. ಕಾಂಕ್ರೀಟು ನೂರು ವರ್ಷ ಬಾಳಬಹುದು. ಕಬ್ಬಿಣದ ಹಗ್ಗ, ಚೈನು, ರಬ್ಬರ್ ಸೀಲು, ಮೋಟಾರು ಬಾಳುವುದಿಲ್ಲ. ಇವುಗಳಿಗೆ ಗ್ರೀಸು, ಬಣ್ಣ, ಬದಲಿ ಸಾಮಾನು ಬೇಕು. ಜೊತೆಗೆ ಗೇಟು ಕೆಟ್ಟಾಗ ಅದರ ಮುಂದೆ ಇಳಿಸಲು ಸ್ಟಾಪ್ ಲಾಗ್ ಸಿದ್ಧ ಇರಬೇಕು, ಅದನ್ನು ಎತ್ತುವ ಕ್ರೇನ್ ಕೆಲಸ ಮಾಡುತ್ತಿರಬೇಕು. ಹೊಸ ಅಣೆಕಟ್ಟಿಗೆ ಅಡಿಗಲ್ಲು ಇಡಲು ಮಂತ್ರಿಗಳು ಬರುತ್ತಾರೆ. ಹಳೇ ಗೇಟಿಗೆ ಗ್ರೀಸು ಹಚ್ಚಿದ್ದಕ್ಕೆ ಯಾರೂ ಬರುವುದಿಲ್ಲ, ಸುದ್ದಿಯೂ ಆಗುವುದಿಲ್ಲ.

ಅಣೆಕಟ್ಟಿನಲ್ಲಿ ನೀರು ಜಿನುಗುತ್ತಿದೆ ಅಂದರೆ ಹೆದರಬೇಕಾ?

ಎಲ್ಲ ಜಿನುಗುವಿಕೆಗೂ ಹೆದರಬೇಕಿಲ್ಲ. ಜಿನುಗದ ಅಣೆಕಟ್ಟೇ ಇಲ್ಲ. ಗೋಡೆಯ ಒಳಗೆ ಸುರಂಗದಂಥ ದಾರಿ ಇರುತ್ತದೆ, ಜಿನುಗಿದ ನೀರನ್ನು ಅಲ್ಲಿ ಹಿಡಿದು ಅಳೆಯುತ್ತಾರೆ. ತಳದಲ್ಲಿ ಸೇರಿದ ನೀರು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತುವ ಹಾಗೆ ಒತ್ತುತ್ತದೆ. ಆ ಒತ್ತಡ ಕಡಿಮೆ ಮಾಡಲು ರಂಧ್ರ ಕೊರೆದಿರುತ್ತಾರೆ. ವರ್ಷಗಳು ಕಳೆದಂತೆ ಸುಣ್ಣ ಕಟ್ಟಿ ಆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಜಿನುಗುವ ನೀರು ಒಮ್ಮೆಲೇ ಕಡಿಮೆ ಆದರೂ ಒಳ್ಳೆಯ ಸುದ್ದಿ ಅಂತ ತಿಳಿಯಬೇಡಿ.

ಮಣ್ಣಿನ ಒಡ್ಡಿನಲ್ಲಿ ನೋಡಬೇಕಾದ್ದು ನೀರಿನ ಬಣ್ಣ. ತಿಳಿ ನೀರು ಬಂದರೆ ಪರವಾಗಿಲ್ಲ. ಕೆಂಪಗೆ, ಕೆಸರಾಗಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಒಳಗೆ ಕೊಳವೆಯ ಹಾಗೆ ದಾರಿ ಆಗುತ್ತಾ ಹೋಗಿ ಕೆಲವೇ ಗಂಟೆಗಳಲ್ಲಿ ಒಡ್ಡು ಕುಸಿಯಬಹುದು. ಒಡ್ಡಿನ ಮೇಲೆ ಗಿಡಗಂಟಿ ಬೆಳೆಯಲು ಬಿಡಬಾರದು, ಹೆಗ್ಗಣದ ಬಿಲ ಮುಚ್ಚಬೇಕು ಅನ್ನುವುದೆಲ್ಲ ಇದೇ ಕಾರಣಕ್ಕೆ. ಹಿಡಕಲ್‌ನಂಥ ಕಿಲೋಮೀಟರ್‌ಗಟ್ಟಲೆ ಉದ್ದದ ಒಡ್ಡಿನಲ್ಲಿ ಇದನ್ನು ದಿನಾ ನಡೆದು ನೋಡುವ ಸಿಬ್ಬಂದಿ ಬೇಕು. ಒಡ್ಡಿನ ಕೆಳಗೆ ಹೊಲ ಇರುವ ರೈತರ ಕಣ್ಣಿಗೆ ಕೆಸರು ನೀರು ಮೊದಲು ಬೀಳುತ್ತದೆ. ಬಿದ್ದರೆ ಆ ಹೊತ್ತಿಗೇ ತಿಳಿಸಬೇಕು, ನಾಳೆಗೆ ಬಿಡಬಾರದು.

ದೊಡ್ಡ ಅಣೆಕಟ್ಟು ನಿಜವಾಗಿ ಒಡೆದದ್ದು ಇದೆಯಾ?

ಇದೆ. 1961ರ ಜುಲೈ 12ರಂದು ಪುಣೆಯ ಪಾನ್‌ಶೆತ್ ಒಡೆಯಿತು. 1979ರ ಆಗಸ್ಟ್‌ನಲ್ಲಿ ಗುಜರಾತಿನ ಮಚ್ಛು-2 ಒಡೆದು ಮೋರ್ಬಿ ಊರೇ ಕೊಚ್ಚಿಹೋಯಿತು. 2019ರ ಜುಲೈನಲ್ಲಿ ರತ್ನಾಗಿರಿಯ ತಿವರೆ, 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ತೀಸ್ತಾ-3. ಇಟಲಿಯ ವಯೋಂಟ್‌ನಲ್ಲಿ 1963ರಲ್ಲಿ ಗೋಡೆ ಒಡೆಯಲೇ ಇಲ್ಲ. ಪಕ್ಕದ ಗುಡ್ಡ ಜಲಾಶಯಕ್ಕೆ ಕುಸಿದು, ನೀರು ಗೋಡೆಯ ಮೇಲಿಂದ ಹಾರಿ ಸುಮಾರು 2000 ಜನ ಸತ್ತರು. ಮಣ್ಣಿನ ಅಣೆಕಟ್ಟಿಗೆ ದೊಡ್ಡ ಶತ್ರು ಅಂದರೆ ತಲೆಯ ಮೇಲಿಂದ ಉಕ್ಕಿ ಹರಿಯುವ ನೀರು.

ಅಣೆಕಟ್ಟಿನಿಂದ ಭೂಕಂಪ ಆಗುತ್ತದಾ?

ಆಗಬಹುದು. ಇದಕ್ಕೆ ಪ್ರಪಂಚದಲ್ಲೇ ಹೆಸರಾದ ಉದಾಹರಣೆ ನಮ್ಮ ಕೃಷ್ಣೆಯ ಮೇಲ್ಭಾಗದಲ್ಲೇ ಇದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಲ್ಲಿ ನೀರು ತುಂಬಲು ಶುರುವಾದ ಕೆಲವೇ ವರ್ಷಕ್ಕೆ, 1967ರ ಡಿಸೆಂಬರ್ 11ರಂದು 6.3ರಷ್ಟು ತೀವ್ರತೆಯ ಭೂಕಂಪ ಆಯಿತು. ನೂರಾರು ಜನರ ಜೀವ ಹೋಯಿತು. ಅಣೆಕಟ್ಟಿನಲ್ಲೂ ಬಿರುಕು ಬಿಟ್ಟಿತು, ಆಮೇಲೆ ಆಸರೆ ಕಟ್ಟಿ ಬಲಪಡಿಸಿದರು. ಆಳದ ಕಲ್ಲಿನ ಸೀಳುಗಳಿಗೆ ನೀರಿನ ಒತ್ತಡ ತಲುಪಿದಾಗ, ಮೊದಲೇ ಬಿಗಿತದಲ್ಲಿರುವ ಸೀಳು ಜಾರುತ್ತದೆ. ನೀರು ಹೊಸದಾಗಿ ಬಿಗಿತ ತರುವುದಕ್ಕಿಂತ, ಇದ್ದದ್ದನ್ನು ಸಡಿಲಿಸುತ್ತದೆ ಅನ್ನಬಹುದು.

2021-22ರಲ್ಲಿ ವಿಜಯಪುರ, ಬಸವನ ಬಾಗೇವಾಡಿ ಕಡೆ ಸಣ್ಣ ಕಂಪನಗಳಾದಾಗ ಜನ ಆಲಮಟ್ಟಿಯತ್ತ ಬೆರಳು ಮಾಡಿದರು. ಭಾರಿ ಮಳೆಯ ನಂತರ ನೆಲದೊಳಗೆ ನೀರಿಳಿದು ಆಗುವ ಸಣ್ಣ ಕಂಪನ ಎಂಬ ವಿವರಣೆ ಆಗ ಬಂತು. ಕೊಯ್ನಾದಂಥ ಆಳವಾದ ಜಲಾಶಯಕ್ಕೂ ನಮ್ಮ ಹರಡಿಕೊಂಡ ಹಿನ್ನೀರಿಗೂ ವ್ಯತ್ಯಾಸ ಇದೆ, ಕೆಳಗಿನ ಕಲ್ಲಿನ ರಚನೆಯೂ ಬೇರೆ.

ಹೂಳು ತೆಗೆದರೆ ಎತ್ತರಿಸುವ ಗೋಜೇ ಇಲ್ಲವಲ್ಲ?

ಪ್ರತಿ ಬೇಸಿಗೆಯಲ್ಲೂ ಯಾರಾದರೂ ಈ ಮಾತು ಹೇಳುತ್ತಾರೆ. ಲೆಕ್ಕ ನೋಡಿ. ಒಂದು ಟಿಎಂಸಿ ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಒಂದು ಟಿಪ್ಪರ್ 10 ಘನ ಮೀಟರ್ ಒಯ್ಯುತ್ತದೆ ಅಂದುಕೊಂಡರೂ ಒಂದೇ ಟಿಎಂಸಿ ಹೂಳಿಗೆ 28 ಲಕ್ಷ ಟ್ರಿಪ್ ಬೇಕು. ಡೀಸೆಲ್ ಖರ್ಚು ಬಿಡಿ, ಆ ಮಣ್ಣನ್ನು ಎಲ್ಲಿ ಹಾಕುತ್ತೀರಿ? ತುಂಗಭದ್ರಾದಲ್ಲಿ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 106ಕ್ಕೆ ಇಳಿದಿದೆ. ಹೋದ 27 ಟಿಎಂಸಿಯನ್ನು ಟಿಪ್ಪರ್‌ನಲ್ಲಿ ತರಲು ಆಗುವುದಿಲ್ಲ. ಹೂಳನ್ನು ಬರುವ ದಾರಿಯಲ್ಲೇ ತಡೆಯಬೇಕು. ಮೇಲ್ಭಾಗದ ಕಾಡು ಉಳಿಯಬೇಕು, ಹೊಲಗಳಿಗೆ ಬದು ಹಾಕಬೇಕು. ಅಂಚಿನಲ್ಲಿ ಬೇಸಿಗೆಗೆ ನೀರು ಇಳಿದಾಗ ಕಾಣುವ ಮಣ್ಣನ್ನು ರೈತರು ಹೊಲಕ್ಕೆ ಹೊಡೆದುಕೊಳ್ಳಲು ಬಿಟ್ಟರೆ ಹೊಲಕ್ಕೆ ಒಳ್ಳೆಯದು. ಜಲಾಶಯಕ್ಕೆ ಅದರಿಂದ ಏನೂ ಹೆಚ್ಚಾಗುವುದಿಲ್ಲ.

ನೀರಾವರಿ ಬಂದ ಮೇಲೆ ಹೊಲ ಯಾಕೆ ಸವಳು-ಜವಳು ಆಯಿತು?

ನೀರು ತರುವ ಕಾಲುವೆ ತೋಡಿದೆವು. ಬಸಿದು ಹೋಗುವ ಕಾಲುವೆ ತೋಡಲಿಲ್ಲ. ಮುಖ್ಯ ಕಾರಣ ಇದು.

ಎರಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಂಬಿದ ಜೋಳ, ಕಡಲೆಗೆ ಅದು ವರ. ಅದೇ ಹೊಲಕ್ಕೆ ಕಾಲುವೆ ಬಂದು, ಕಬ್ಬು ಹಚ್ಚಿ, ವರ್ಷಪೂರ್ತಿ ನೀರು ಹಾಯಿಸಿದರೆ ನೀರು ಕೆಳಗೆ ಬಸಿಯುವುದಿಲ್ಲ. ಜೊತೆಗೆ ಕಾಲುವೆಯಿಂದಲೂ ಜಿನುಗುತ್ತದೆ. ನೆಲದೊಳಗಿನ ನೀರಿನ ಮಟ್ಟ ಏರಿ ಏರಿ ಬೇರಿನ ಹತ್ತಿರ ಬರುತ್ತದೆ. ಇದು ಜವಳು. ಆ ನೀರು ಬಿಸಿಲಿಗೆ ಮೇಲಕ್ಕೆ ಸೆಳೆದುಕೊಂಡು ಆವಿಯಾದಾಗ ಅದರಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಹೊಲ ಬೆಳ್ಳಗೆ ಕಾಣುತ್ತದೆ. ಇದು ಸವಳು. ಅಥಣಿ, ರಾಯಬಾಗ, ಕಾಗವಾಡ, ಜಮಖಂಡಿ, ಮುಧೋಳ ಕಡೆ ಇಂಥ ಹೊಲ ತೋರಿಸಲು ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ. ಮೊದಲು ಕಡಲೆ ಹೋಗುತ್ತದೆ, ಆಮೇಲೆ ಜೋಳ ತೇಪೆ ತೇಪೆಯಾಗಿ ಹುಟ್ಟುತ್ತದೆ, ಕೊನೆಗೆ ಕಬ್ಬೂ ಗಿಡ್ಡಾಗುತ್ತದೆ. ಹೊಲದ ಅಂಚಿನ ಹಳ್ಳ ಹೂಳು ತುಂಬಿಕೊಂಡಿದ್ದರೆ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಸವಳಿಗೆ ಜಿಪ್ಸಂ ಹಾಕಿದರೆ ಸಾಕಾ?

ಸಾಲದು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಜಿಪ್ಸಂ ಕೆಲಸ ಮಾಡುವುದು ರಸಸಾರ (ಪಿಎಚ್) 8.5ಕ್ಕಿಂತ ಜಾಸ್ತಿ ಇರುವ, ಸೋಡಿಯಂ ತುಂಬಿದ ಮಣ್ಣಿಗೆ. ಬರೀ ಉಪ್ಪಿನ ಮಣ್ಣಿಗೆ ಉಪ್ಪನ್ನು ತೊಳೆದು ಹೊರಗೆ ಕಳಿಸುವ ದಾರಿ ಬೇಕು. ಎರಡಕ್ಕೂ ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ದುಡ್ಡು ವ್ಯರ್ಥ. ನೆಲದಡಿ ಸುಮಾರು ಒಂದು ಮೀಟರ್ ಆಳದಲ್ಲಿ ರಂಧ್ರದ ಪೈಪು ಹೂತು, ಹಳ್ಳಕ್ಕೆ ನೀರು ಬಿಡುವ ಪದ್ಧತಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಿಮ್ಮ ಪೈಪಿನ ನೀರು ಕೆಳಗಿನವನ ಹೊಲ ದಾಟಿಯೇ ಹಳ್ಳಕ್ಕೆ ಹೋಗಬೇಕು. ಅವನು ಒಪ್ಪದಿದ್ದರೆ ಕೆಲಸ ನಿಂತಂತೆ. ಹಾಗಾಗಿ ಇದು ಒಬ್ಬರ ಹೊಲದ ಕೆಲಸ ಅಲ್ಲ, ಒಂದು ಹಳ್ಳದ ಸುತ್ತಲಿನ ಎಲ್ಲರೂ ಸೇರಿ ಮಾಡಬೇಕು. ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಗುಂಪಾಗಿ ಅರ್ಜಿ ಹಾಕುವುದು ಉತ್ತಮ. ಹನಿ ನೀರಾವರಿಗೆ ಬಂದರೆ ಸಮಸ್ಯೆ ಬೆಳೆಯುವುದಾದರೂ ನಿಲ್ಲುತ್ತದೆ.

ಕಾಲುವೆಯ ತಲೆಯಲ್ಲಿ ಹೊಲ ಹೀಗೆ ಕೊಳೆಯುವಾಗ, ಅದೇ ಕಾಲುವೆಯ ಕೊನೆಯ ಅಂಚಿನವರಿಗೆ ಒಂದು ನೀರಿಗೂ ಗತಿ ಇರುವುದಿಲ್ಲ. ಮೇಲಿನವರು ಕಡಿಮೆ ಹಾಯಿಸಿದರೆ ಎರಡು ರೋಗಕ್ಕೂ ಒಂದೇ ಔಷಧಿ. ಸಕ್ಕರೆ ಕಾರ್ಖಾನೆಗಳ ಈ ನಾಡಿನಲ್ಲಿ ಅದನ್ನು ಹೇಳುವ ರಾಜಕಾರಣಿ ಇನ್ನೂ ಸಿಕ್ಕಿಲ್ಲ.

ಅಣೆಕಟ್ಟಿನ ಕೆಳಗೆ ನದಿಗೆ, ಮೀನಿಗೆ ಏನಾಗುತ್ತದೆ?

ಮೆಕ್ಕಲು ಮಣ್ಣು ಜಲಾಶಯದಲ್ಲೇ ಉಳಿಯುತ್ತದೆ. ಕೆಳಗೆ ಬರುವ ತಿಳಿ ನೀರು ದಂಡೆಯನ್ನು, ಮರಳನ್ನು ಕೊರೆಯುತ್ತದೆ. ಮುಂಗಾರಿನ ಮೊದಲ ಹೊಸ ನೀರಿಗೆ ಮೇಲಕ್ಕೆ ಹೋಗಿ ಮೊಟ್ಟೆ ಇಡುವ ಮೀನುಗಳಿಗೆ ಗೋಡೆ ಅಡ್ಡ. ಆಮೇಲೆ ಇಲಾಖೆ ಬಿಟ್ಟ ಕಾಟ್ಲಾ, ರೋಹು ಬೆಳೆಯುತ್ತವೆ, ನಾಡಿನ ಮೀನು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಕೃಷ್ಣೆ ಬ್ಯಾರೇಜಿನಿಂದ ಬ್ಯಾರೇಜಿಗೆ ನಿಂತ ನೀರಿನ ಮಡುಗಳ ಸಾಲಾಗುತ್ತದೆ. ಮೇಲಿನ ಊರುಗಳ ಚರಂಡಿ, ಕಾರ್ಖಾನೆಯ ನೀರು ಅದರಲ್ಲೇ ಗಟ್ಟಿಯಾಗುತ್ತದೆ.

ಹಿನ್ನೀರಿಗೆ ಹಕ್ಕಿಗಳು ಬರುತ್ತಿವೆ. ಹಾಗಾದರೆ ಪರಿಸರಕ್ಕೆ ಒಳ್ಳೆಯದೇ ಆಯಿತಲ್ಲ?

ಹಕ್ಕಿಗಳು ಬರುವುದು ನಿಜ. ಬೀಳಗಿ ಕಡೆಯ ಹಿನ್ನೀರಿಗೆ ರಾಜಹಂಸ ಬರುತ್ತವೆ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡಿನ ನೀರಿನಿಂದಲೇ ಘಟಪ್ರಭಾ ಪಕ್ಷಿಧಾಮ ಆಯಿತು. ತೆಳು ನೀರು, ಕೆಸರು ಇರುವಲ್ಲಿ ಅವುಗಳಿಗೆ ಆಹಾರ ಸಿಗುತ್ತದೆ. ಆದರೆ ಒಂದು ಜೀವಕ್ಕೆ ಲಾಭವಾಯಿತು ಅಂತ ನದಿಗೆ ಆದ ನಷ್ಟ ಅಳಿಸಿ ಹೋಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಅದೇ ಹಿನ್ನೀರಿನಿಂದ ಮೊಸಳೆಯೂ ಹೊಲಕ್ಕೆ ಬರುತ್ತದೆ. ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ನೀರಿನಂಚಿಗೆ ಹೋಗುವವರು ಬ್ಯಾಟರಿ ಇಲ್ಲದೆ ಹೋಗಬೇಡಿ.

ಪರಿಹಾರ ಕೊಟ್ಟ ಮೇಲೂ ಮುಳುಗಡೆ ಸಂತ್ರಸ್ತರು ಯಾಕೆ ಹೋರಾಟ ಮಾಡುತ್ತಾರೆ?

ದುಡ್ಡು ಬಂದ ರೀತಿ ನೋಡಿದರೆ ಗೊತ್ತಾಗುತ್ತದೆ. ಆಲಮಟ್ಟಿಗೆ ನೂರಕ್ಕೂ ಹೆಚ್ಚು ಹಳ್ಳಿ, ಬಾಗಲಕೋಟೆ ಊರಿನ ದೊಡ್ಡ ಭಾಗ ಹೋಯಿತು. ಮನೆಗೆ ಒಂದು ಸಲ, ಹೊಲಕ್ಕೆ ಇನ್ನೊಂದು ಸಲ, ಕಂತು ಕಂತಾಗಿ ಪರಿಹಾರ ಬಂತು. ಕೋರ್ಟಿಗೆ ಹೋದವರಿಗೆ ಹೆಚ್ಚು ಸಿಕ್ಕಿತು, ಹೋಗಲು ತಾಕತ್ತಿಲ್ಲದವರಿಗೆ ಇಲ್ಲ. ಹೊಲ ಇದ್ದವನಿಗೆ ಏನೋ ಒಂದು ಸಿಕ್ಕಿತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ, ಊರಿನ ಕುಂಬಾರನಿಗೆ, ನದಿ ದಂಡೆಯಲ್ಲಿ ಎಮ್ಮೆ ಮೇಯಿಸಿ ಹಾಲು ಮಾರುವವರಿಗೆ ಯಾವ ದರಪಟ್ಟಿಯಲ್ಲೂ ಜಾಗ ಇರಲಿಲ್ಲ. ಕೆಲವರ ಹಕ್ಕುಪತ್ರದ ಓಡಾಟ ಮಕ್ಕಳ ಕಾಲಕ್ಕೂ ಮುಗಿದಿಲ್ಲ.

ಬಾಗಲಕೋಟೆಯವರಿಗೆ ಇನ್ನೊಂದು ಅವಸ್ಥೆ. ನವನಗರ ಚೆಂದವಾಗಿ, ಸೆಕ್ಟರ್ ಸೆಕ್ಟರ್ ಆಗಿ ಎದ್ದಿತು. ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿಯ ಯೋಜನೆ. ವ್ಯಾಪಾರ ಮಾತ್ರ ಬಹಳ ಕಾಲ ಹಳೇ ಊರಲ್ಲೇ ಉಳಿಯಿತು. ಮಲಗುವುದು ಒಂದು ಕಡೆ, ಅಂಗಡಿ ಒಂದು ಕಡೆ. ಒಂದು ಓಣಿಯಲ್ಲಿದ್ದವರು ಮೂರು ಸೆಕ್ಟರ್‌ಗೆ ಹಂಚಿಹೋದರು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ, ಅಂದರೆ 524 ಮೀಟರ್‌ಗೆ ಏರಿಸುವಾಗಿನ, ಮುಳುಗಡೆಗೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ದರ ಒಪ್ಪಿತು. ಹಿಂದಿನದಕ್ಕಿಂತ ಎಷ್ಟೋ ಮೇಲು. ಅದನ್ನು ಒಂದೇ ಕಂತಿನಲ್ಲಿ ಕೊಟ್ಟರೆ ಮಾತ್ರ ಅದರಿಂದ ಬೇರೆ ಕಡೆ ಹೊಲ ಕೊಳ್ಳಬಹುದು. ತಡವಾದರೆ ಸುತ್ತಲಿನ ಜಮೀನಿನ ಬೆಲೆ ಮುಂದೆ ಓಡುತ್ತದೆ.

ದೇವಸ್ಥಾನ, ಹಳೇ ಊರುಗಳ ಗತಿ?

ಕೆಲವು ಉಳಿದವು, ಕೆಲವು ಇಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪಕ್ಕೆ ನಾರಾಯಣಪುರ ಹಿನ್ನೀರು ಬರುತ್ತದೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿದರು. ಈಗ ಮೆಟ್ಟಿಲಿಳಿದು ಹೋಗಿ ದರ್ಶನ ಮಾಡಬೇಕು. ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ದೇವಸ್ಥಾನ ನೀರು ಇಳಿದಾಗ ಮೇಲೆ ಕಾಣುತ್ತದೆ. ಕೊಲ್ಹಾರ ಊರು ಹೊಸ ಜಾಗಕ್ಕೆ ಹೋಯಿತು. ಅಲ್ಲಿನ ಗಡಿಗೆ ಮೊಸರು ಮಾತ್ರ ಇನ್ನೂ ಹೆದ್ದಾರಿ ಪಕ್ಕ ಸಿಗುತ್ತದೆ, ಆ ದಾರಿಯಲ್ಲಿ ಹೋದರೆ ಬಿಡಬೇಡಿ.

ದೊಡ್ಡ ಅಣೆಕಟ್ಟಿನ ಬದಲು ಬೇರೆ ದಾರಿ ಇರಲಿಲ್ವಾ?

ಇಡೀ ಕೃಷ್ಣಾ ಯೋಜನೆಗೆ ಬದಲಿ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಚಿಕ್ಕ ಕೆಲಸದ ಶಕ್ತಿ ನೋಡಬೇಕಾದರೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಆ ಹೆಸರಿನ ಬಲದಲ್ಲೇ ಅವರು 1991ರ ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆ ಅವರನ್ನೇ ಸೋಲಿಸಿದರು. ಬ್ಯಾರೇಜಿನ ನೀರು ಬಹುಪಾಲು ನದಿ ಪಾತ್ರದೊಳಗೇ ನಿಲ್ಲುತ್ತದೆ, ಹಾಗಾಗಿ ಊರು ಎತ್ತಂಗಡಿ ಆಗುವುದಿಲ್ಲ. ಅದಕ್ಕೂ ಗೇಟು ಹಾಕುವ, ತೆಗೆಯುವ ಶಿಸ್ತು ಬೇಕು. ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯದ ಬಾಂದಾರ (ನದಿಗೆ ಅಡ್ಡ ಕಟ್ಟಿದ ಸಣ್ಣ ಒಡ್ಡು) ಸಣ್ಣ ಪ್ರವಾಹವನ್ನು ದೊಡ್ಡದು ಮಾಡುತ್ತದೆ.

ಅಣೆಕಟ್ಟು ಕೆಡವುವುದು ಸಾಧ್ಯವಾ?

ಅಮೆರಿಕದ ಎಲ್ವಾ ನದಿಯಲ್ಲಿ 2011ರಿಂದ, ಕ್ಲಾಮತ್ ನದಿಯಲ್ಲಿ 2024ರ ಹೊತ್ತಿಗೆ ಕೆಡವಿದ್ದಾರೆ, ಸಾಲ್ಮನ್ ಮೀನು ಮರಳಿ ಬಂದಿವೆ. ಅವು ಉಪಯೋಗ ತೀರಿದ ಅಣೆಕಟ್ಟುಗಳು. ನಮ್ಮ ಮೂರು ಜಿಲ್ಲೆಗಳ ಕುಡಿಯುವ ನೀರೇ ಇವುಗಳ ಮೇಲೆ ನಿಂತಿದೆ, ಆ ಮಾತು ಇಲ್ಲಿ ಏಳುವುದಿಲ್ಲ.

ಅಣೆಕಟ್ಟಿನ ಕೆಳಗಿನ ಪಂಚಾಯಿತಿಯವರು ಏನು ಕೇಳಬಹುದು?

ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರಲ್ಲಿ ಬಂತು. ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ. ಹಳೇ ಅಣೆಕಟ್ಟುಗಳಿಗೂ ಕಾಯ್ದೆ ಜಾರಿಯಾದ 5 ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಮಾಡಬೇಕು. ಹಾಗಾಗಿ ಗ್ರಾಮಸಭೆಯಲ್ಲಿ ಇಷ್ಟು ಕೇಳಿ: ಆ ಯೋಜನೆ ಎಲ್ಲಿದೆ, ಎಷ್ಟು ಕ್ಯೂಸೆಕ್ ಬಿಟ್ಟರೆ ನಮ್ಮ ಊರಿನ ಯಾವ ಓಣಿಗೆ ನೀರು ಬರುತ್ತದೆ, ನೀರು ತಲುಪಲು ಎಷ್ಟು ಗಂಟೆ, ರಾತ್ರಿ ಎರಡು ಗಂಟೆಗೆ ನಮಗೆ ಯಾರು ಫೋನ್ ಮಾಡುತ್ತಾರೆ. ಕೊನೆಯ ಪ್ರಶ್ನೆಗೆ ಒಂದು ಹೆಸರು, ಒಂದು ನಂಬರ್ ಸಿಗುವವರೆಗೆ ಬಿಡಬೇಡಿ. ಡಂಗುರ ಸಾರಿದ್ದೇವೆ, ವಾಟ್ಸಾಪ್‌ನಲ್ಲಿ ಹಾಕಿದ್ದೇವೆ ಅನ್ನುವುದು ಉತ್ತರ ಅಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದ ಜಾಗದಲ್ಲಿ ಬಿತ್ತಬಹುದಾ?

ಬಹಳ ಜನ ಬಿತ್ತುತ್ತಾರೆ. ಹಸಿ ಇರುತ್ತದೆ, ಹೂಳಿನ ಮಣ್ಣು ಫಲವತ್ತು, ಕಡಲೆ, ಜೋಳ ಚೆನ್ನಾಗಿ ಬರುತ್ತವೆ. ಆದರೆ ಆ ಜಮೀನು ಈಗ ಸರ್ಕಾರದ್ದು. ಪಹಣಿ ನಿಮ್ಮ ಹೆಸರಿನಲ್ಲಿ ಇಲ್ಲದ ಕಾರಣ ಬೆಳೆ ವಿಮೆಯೂ ಇಲ್ಲ, ನೀರು ಬೇಗ ಏರಿ ಬೆಳೆ ಹೋದರೆ ಪರಿಹಾರವೂ ಇಲ್ಲ. ಬಿತ್ತಿದರೂ ಕೀಟನಾಶಕ ಹೊಡೆಯಬೇಡಿ. ಎರಡು ತಿಂಗಳಲ್ಲಿ ಅದೇ ಮಣ್ಣಿನ ಮೇಲೆ ನಿಲ್ಲುವ ನೀರು ನಿಮ್ಮದೇ ಊರಿನ ನಲ್ಲಿಗೆ ಬರುತ್ತದೆ.